ಮೂರು ಗೇಣಿಗೆ ಎರಡು ಬೆರಳು ಕಡಿಮೆ

ನಮ್ಮ ಕೆಲಸದಲ್ಲಿ ಗೋಡೆ ಕಟ್ಟುವುದು ಗಂಡಸರ ಪಾಲು, ಗೋಡೆಗೆ ನೀರು ಹೊಡೆಯುವುದು ಹೆಂಗಸರ ಪಾಲು. ಗೌಂಡಿ ಗಿಲಾವು ಮಾಡಿ ಕೈ ತೊಳೆದುಕೊಂಡು ಹೋಗಿಬಿಡುತ್ತಾನೆ. ಗಿಲಾವಿಗೆ ಇಲ್ಲಿಯವರು ಸಾರಣೆ ಅನ್ನುತ್ತಾರೆ. ಮಾರನೆಯ ದಿನದಿಂದ ಏಳು ದಿನ, ಬಿಸಿಲೇರುವ ಮೊದಲು ಒಮ್ಮೆ, ಬಿಸಿಲಿಳಿದ ಮೇಲೆ ಒಮ್ಮೆ, ಆ ಗೋಡೆಗೆ ನೀರು ಕುಡಿಸಬೇಕು. ಒಂದು ದಿನ ತಪ್ಪಿದರೂ ಕೂದಲೆಳೆಯಂಥ ಬಿರುಕು ಬರುತ್ತದೆ. ಬಾಗಲಕೋಟೆ ಕಡೆಯಿಂದ ಗಂಡನ ಹಿಂದೆ ಈ ಸೀಮೆಗೆ ಬಂದ ಮೇಲೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ನಾನು ನೀರು ಹೊಡೆದ ಗೋಡೆಗಳನ್ನು ಸಾಲಾಗಿ ನಿಲ್ಲಿಸಿದರೆ ನಮ್ಮೂರಿಗೇ ಹೋಗಿ ಮುಟ್ಟಿಯಾವು.

ಆದರೆ ನಾನು ಬರೆಯಲು ಕುಳಿತದ್ದು ಒಂದೇ ಒಂದು ಗೋಡೆಯ ಬಗ್ಗೆ. ಅದಕ್ಕೆ ನಾನು ನೀರು ಹೊಡೆಯಬಾರದಿತ್ತು. ಹೊಡೆದೆ. ಆ ದಿನ ಎಲ್ಲರ ಕೈಲೂ ಬೈಸಿಕೊಂಡೆ. ಎಂಟು ವರ್ಷದ ಮೇಲೆ ಈಗ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಲ್ಲರಿಗೂ ಹೇಳಬೇಕು ಅನ್ನಿಸುವಷ್ಟು ಸಂತೋಷ ನನ್ನೊಳಗೆ ತುಂಬಿದೆ. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರೆ ಜನ ಏನಂದುಕೊಂಡಾರು? ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಕ್ಲಾಸು. ಮರೆತ ಅಕ್ಷರಗಳನ್ನು ದೊಡ್ಡವಳಾದ ಮೇಲೆ, ಕೆಲಸದ ಶೆಡ್ಡಿನ ಪಕ್ಕ ನಡೆಯುತ್ತಿದ್ದ ಸಾಕ್ಷರತೆಯ ಪಾಠದಲ್ಲಿ ಮತ್ತೆ ಕಲಿತೆ. ಬರೆದದ್ದನ್ನು ಮೊಮ್ಮಗಳು ಓದಿ ತಿದ್ದುತ್ತಾಳೆ. ಅವಳಿಗೆ ಎಂಟು ವರ್ಷ, ಆದರೆ ತಿದ್ದುವಾಗ ಹೆಡ್‌ಮಾಸ್ತರರಂತೆ ಕೂರುತ್ತಾಳೆ.

ನನ್ನ ಮಗಳು ಬೆಳೆದದ್ದೇ ಕೆಲಸದ ಜಾಗದಲ್ಲಿ. ಎರಡು ಸರ್ವೆ ಮರದ ಕಂಬ ನೆಟ್ಟು, ಮೇಲೊಂದು ಅಡ್ಡಕೋಲು ಹಾಕಿ, ಹಳೆಯ ಸೀರೆ ಕಟ್ಟಿದರೆ ಅದೇ ನಮ್ಮ ತೊಟ್ಟಿಲು. ನಾನು ಸಿಮೆಂಟು ಬುಟ್ಟಿ ಹೊತ್ತು ಹೋಗುವಾಗ ಒಮ್ಮೆ ತೂಗುವುದು, ಬರುವಾಗ ಒಮ್ಮೆ ತೂಗುವುದು. ಸ್ವಲ್ಪ ದೊಡ್ಡವಳಾದ ಮೇಲೆ ಅಪ್ಪನ ಹಿಂದೆ ದಾರ, ತೂಗುಗುಂಡು ಹಿಡಿದುಕೊಂಡು ಓಡಾಡುತ್ತಿದ್ದಳು. ಅವಳ ಅಪ್ಪ ಗಟ್ಟಿ ಗೌಂಡಿ. ಯಾವುದನ್ನೂ ಕಣ್ಣಂದಾಜಿನಲ್ಲಿ ಹೇಳುವಂತಿರಲಿಲ್ಲ. ಟೇಪು ಇಲ್ಲದಿದ್ದರೆ ಗೇಣು ಹಾಕು, ಬೆರಳು ಹಾಕು, ಅಳೆದು ಹೇಳು ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗಳ ಮದುವೆ ಮಾಡಿದೆ. ಅಳಿಯನದು ಸ್ಲ್ಯಾಬಿಗೆ ಕಂಬಿ ಕಟ್ಟುವ ಕೆಲಸ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಒಂದು ಬಾಡಿಗೆ ಕೋಣೆ. ಮಾತು ಕಡಿಮೆ, ಮನಸ್ಸು ಒಳ್ಳೆಯದು, ಅವ್ವನ ಮಾತು ಮೀರದ ಮಗ.

ಹೆರಿಗೆ ಸುಖವಾಗಿ ಆಯಿತು. ಹೆಣ್ಣು ಕೂಸು. ಎರಡು ವಾರದ ಮೇಲೆ ಮಗಳಿಗೆ ನಿದ್ದೆ ಬರದಾಯಿತು. ಕೂಸು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದಳು. ಆಮೇಲೆ ಅದನ್ನೂ ಹೇಳುವುದು ಬಿಟ್ಟಳು. ಕೂಸನ್ನು ಹತ್ತಿರ ಒಯ್ದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಹಿರಿಯ ಹೆಂಗಸರು ಬಾಣಂತಿ ಸನ್ನಿ ಎಂದರು. ನಾನು ದಾರ ಕಟ್ಟಿಸಿದೆ, ನಿಂಬೆಹಣ್ಣು ಇಳಿಸಿದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಕಾರ್ಕಳದ ಡಾಕ್ಟರಮ್ಮ ಚೀಟಿ ಬರೆದು, ತಡ ಮಾಡಬೇಡಿ, ಇದಕ್ಕೆ ಔಷಧ ಉಂಟು ಎಂದು ಹೇಳಿ, ಉಡುಪಿ ಕಡೆಯ ಒಂದು ಮಾನಸಿಕ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಬೇಕು. ನಾನಿದ್ದೆ, ನನ್ನ ತೊಡೆಯ ಮೇಲೆ ಕೂಸಿತ್ತು. ಒಳಲೆಯಲ್ಲಿ ಹಾಲು ಕುಡಿಸುವುದು, ಬಟ್ಟೆ ಒಗೆಯುವುದು, ಮಗಳಿಗೆ ಗುಳಿಗೆ ನುಂಗಿಸುವುದು. ದಿನಗಳು ಹೋದವು. ಮಗಳು ಉಣ್ಣಲು ಕಲಿತಳು, ಮಲಗಲು ಕಲಿತಳು. ಮಾತಿಲ್ಲ. ಕೂಸಿನ ಕಡೆ ನೋಟವಿಲ್ಲ. ಔಷಧ ತನ್ನ ಕೆಲಸ ಮಾಡುತ್ತಿದೆ, ಒತ್ತಾಯ ಮಾಡಬೇಡಿ ಎಂದರು ಡಾಕ್ಟರು.

ಆದರೆ ನನಗೆ ಕಾಯಲು ದಿನ ಇರಲಿಲ್ಲ. ಊರಿಂದ ಬೀಗತಿ ಮಗನ ಕೈಲಿ ಹೇಳಿ ಕಳಿಸಿದ್ದಳು: ಬರುವ ಹುಣ್ಣಿಮೆಗೆ ಬರುತ್ತೇನೆ, ಕೂಸನ್ನು ಒಯ್ಯುತ್ತೇನೆ, ತಲೆ ಕೆಟ್ಟವಳ ಕೈಯಲ್ಲಿ ನಮ್ಮ ಮನೆಯ ಕೂಸು ಬೆಳೆಯುವುದು ಬೇಡ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಅದರ ಹಿಂದೆ ಇತ್ತು. ಅಳಿಯ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದ. ಒಮ್ಮೆ ಕೂಸು ಹೋಯಿತೆಂದರೆ ನನ್ನ ಮಗಳು ಅದರ ತಾಯಿಯಾಗುವುದು ಯಾವಾಗ?

ಆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಶೆಡ್ಡಿನ ಪಕ್ಕ ಒಂದು ಕೋಣೆ ಇತ್ತು. ಬೇಸಿಗೆಯಲ್ಲಿ ಅಲ್ಲಿಗೆ ಚಿತ್ರ ಬರೆಯುವ ಹೆಂಗಸೊಬ್ಬರು ಇರಲು ಬಂದರು. ರೋಗಿಯಲ್ಲ, ನರ್ಸ್ ಅಲ್ಲ, ಟೀಚರೂ ಅಲ್ಲ. ಮೂರು ತಿಂಗಳು ಅಲ್ಲೇ ಉಂಡು, ಅಲ್ಲೇ ಮಲಗಿ, ತನ್ನ ಚಿತ್ರ ತಾನು ಬರೆಯುವುದು. ಬೇಕಾದವರು ಹತ್ತಿರ ಬಂದು ಕೂರಬಹುದು. ಹೀಗೂ ಒಂದು ಕೆಲಸ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವರು ಉಚ್ಚಿಲದವರು, ಮೀನುಗಾರರ ಮನೆಯವರು. ನಾವೆಲ್ಲ ಚಿತ್ರದ ಮೇಡಂ ಎನ್ನುತ್ತಿದ್ದೆವು.

ಹಿಂದಿನ ಅಂಗಳದ ಕೆಂಪು ಮುರಕಲ್ಲಿನ ಗೋಡೆಗೆ ಅವರಿಗಾಗಿ ಹೊಸದಾಗಿ ಸಾರಣೆ ಮಾಡಿಸಿಕೊಟ್ಟಿದ್ದರು. ಉದ್ದದ ಗೋಡೆ. ಬಣ್ಣವೆಂದರೆ ಅವರಲ್ಲಿ ಡಬ್ಬಿಯ ಬಣ್ಣ ಇರಲಿಲ್ಲ. ನೀರಿನಲ್ಲಿ ಕಲಸಿದ ಕೆಮ್ಮಣ್ಣು, ಕಾಪುವಿನಿಂದ ತಂದ ಚಿಪ್ಪಿನ ಸುಣ್ಣ, ತೆಂಗಿನ ಗೆರಟೆ ಸುಟ್ಟ ಇದ್ದಿಲು, ಅಷ್ಟೇ. ಅಂಟು ಹಾಕುತ್ತಿರಲಿಲ್ಲ. ಅಂಟು ಹಾಕಿದರೆ ಬರೆದದ್ದು ಅಳಿಸಲಿಕ್ಕೆ ಆಗುವುದಿಲ್ಲ, ಅಳಿಸಲಿಕ್ಕೆ ಆಗದಿದ್ದರೆ ಇಲ್ಲಿ ಇರುವವರು ಹೆದರುತ್ತಾರೆ ಎಂದು ಅವರ ಲೆಕ್ಕ. ಬರೆಯಿರಿ ಎಂದು ಯಾರನ್ನೂ ಕರೆಯಲಿಲ್ಲ. ಮೊದಲ ದಿನ ಒಬ್ಬರೇ ಬರೆದರು. ಎರಡನೆಯ ದಿನ ಇಬ್ಬರು ಸೇರಿದರು. ಒಬ್ಬ ಮುದುಕರು ಬರೀ ಬಸ್ಸಿನ ಚಕ್ರ ಬರೆಯುತ್ತಿದ್ದರು, ಸಾಲಾಗಿ, ಬಸ್ಸಿಲ್ಲದೆ.

ನನ್ನ ಮಗಳು ಮೂರು ದಿನ ಗೋಡೆಗೆ ಬೆನ್ನು ಹಾಕಿ ಕೂತಳು. ನಾಲ್ಕನೆಯ ಸಂಜೆ ತಿರುಗಿ, ಬಿದ್ದಿದ್ದ ಇದ್ದಿಲು ಎತ್ತಿಕೊಂಡು, ಗೋಡೆಯ ಕೆಳಮೂಲೆಯಲ್ಲಿ ಎರಡು ಕಂಬ ಎಳೆದಳು, ಮೇಲೊಂದು ಅಡ್ಡಕೋಲು. ಅದರಿಂದ ಇಳಿಬಿದ್ದ ಸೀರೆ. ನಾನು ಕೂಸನ್ನು ಎತ್ತಿಕೊಂಡು ಹಿಂದೆ ನಿಂತಿದ್ದೆ. ನಮ್ಮದೇ ತೊಟ್ಟಿಲು. ಆದರೆ ಸೀರೆ ಜೋಲುತ್ತಿತ್ತು, ಒಳಗೆ ಭಾರ ಇರಲಿಲ್ಲ. ಖಾಲಿ ತೊಟ್ಟಿಲು ಬರೆದು ಇದ್ದಿಲು ಕೆಳಗಿಟ್ಟು ಒಳಗೆ ಹೋದಳು.

ಚಿತ್ರದ ಜೊತೆ ಇನ್ನೊಂದನ್ನೂ ನಾನು ನೋಡಿದ್ದೆ. ಸಾರಣೆ ಮಾಡಿ ಐದು ದಿನವಾಗಿತ್ತು, ಗೋಡೆಗೆ ಯಾರೂ ಒಂದು ಚೊಂಬು ನೀರು ಹಾಕಿರಲಿಲ್ಲ. ಸಾರಣೆಯವ ಕೆಲಸ ಮುಗಿಸಿ ಹೋಗಿದ್ದ. ಆಸ್ಪತ್ರೆಯವರಿಗೆ ಗೊತ್ತಿಲ್ಲ. ಚಿತ್ರದ ಮೇಡಂಗೂ ಗೊತ್ತಿಲ್ಲ. ಮೇಲೆ ಏಪ್ರಿಲ್ ಬಿಸಿಲು. ಕಟ್ಟಿದ ದನಕ್ಕೆ ನೀರು ಕೊಡದೆ ಹೋದ ಹಾಗೆ ನನಗೆ ಅದು ಚುಚ್ಚುತ್ತಿತ್ತು.

ಮರುದಿನ ಬೆಳಗಿನ ಮಬ್ಬಿನಲ್ಲಿ ಕೂಸಿನ ಹಾಲಿಗೆ ಬಿಸಿನೀರು ತರಲು ಎದ್ದೆ. ಅಂಗಳದ ಗಿಡಗಳಿಗೆ ನೀರು ಬಿಡುವ ಪೈಪು ನಲ್ಲಿಗೆ ಸಿಕ್ಕಿಸಿಯೇ ಇತ್ತು. ಗೋಡೆ ಬೂದಿಯ ಬಣ್ಣದಲ್ಲಿ ನಿಂತಿತ್ತು. ಇಪ್ಪತ್ತು ವರ್ಷ ಅದೇ ಹೊತ್ತಿಗೆ ಎದ್ದು ಅದನ್ನೇ ಮಾಡಿದ ಕೈ. ನಲ್ಲಿ ತಿರುಗಿಸಿತು, ಪೈಪು ಹಿಡಿಯಿತು, ನೀರು ಬೀಸಣಿಗೆಯಂತೆ ಹರಡಲಿ ಎಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚೆನ್ನಾಗಿ ಹೊಡೆದೆ. ಗೋಡೆ ಗಟಗಟ ಕುಡಿಯಿತು. ಹಸಿ ಸಿಮೆಂಟಿನ ವಾಸನೆ ಬಂತು, ಎಷ್ಟೋ ದಿನದ ಮೇಲೆ ಮನಸ್ಸಿಗೆ ಹಾಯೆನಿಸಿತು. ಆಮೇಲೆ ಕಾಲಿಗೆ ತಂಪಾಯಿತು. ಬಗ್ಗಿ ನೋಡಿದರೆ ಕೆಂಪು ನೀರು ನನ್ನ ಪಾದ ದಾಟಿ ಹರಿದು ಹೋಗುತ್ತಿದೆ.

ಎಲ್ಲವೂ ಹೋಗಿತ್ತು. ಚಕ್ರಗಳು, ಮೇಡಂ ಬರೆದ ದೋಣಿ, ಯಾರೋ ಬರೆದ ಕಣ್ಣು, ನನ್ನ ಮಗಳ ತೊಟ್ಟಿಲು. ನಾನು ಪೈಪು ಹಿಡಿದುಕೊಂಡೇ ನೆಲಕ್ಕೆ ಕೂತೆ.

ಮೊದಲು ಬಂದವರು ವಾರ್ಡಿನ ಸಿಸ್ಟರ್. ಎಂತ ಮಾಡಿದ್ರಿ ಅಮ್ಮ ನೀವು, ಇವರೆಲ್ಲ ನಾಲ್ಕು ದಿನ ಕೂತು ಬರೆದದ್ದಲ್ವಾ ಎಂದು ಬೈದರು. ಬಾಗಿಲಲ್ಲಿ ರೋಗಿಗಳು ಬಂದು ನಿಂತರು. ಒಬ್ಬ ಹುಡುಗಿ ಅತ್ತಳು. ಚಕ್ರದ ಮುದುಕರು ಮಾತ್ರ, ಬಸ್ಸು ತೊಳೆಯಲಿಕ್ಕೆ ಕೊಟ್ಟದ್ದು ಅಂತ ತಿಳಿಯುವ ಎಂದು ಹೇಳಿ ಒಳಗೆ ಹೋದರು. ಚಿತ್ರದ ಮೇಡಂ ಹಲ್ಲುಜ್ಜುತ್ತ ಬಂದರು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಹಳ ಹೊತ್ತು ಗೋಡೆ ನೋಡಿದರು. ನಾನು ಅಳುತ್ತ ಸಾರಣೆಯ ವಿಷಯ, ಏಳು ದಿನದ ವಿಷಯ, ಬಿರುಕಿನ ವಿಷಯ ಹೇಳಿದೆ. ಅವರು ಗೋಡೆಯ ಹತ್ತಿರ ಹೋಗಿ ಬೆರಳಾಡಿಸಿ ನೋಡಿದರು. ಬಿರುಕು ಆಗಲೇ ಶುರುವಾಗಿತ್ತು.

"ಜೂನಿಗೆ ಮಳೆ ಬಂದು ತೊಳೆಯಲಿ ಅಂತ ಇದ್ದೆ, ಮಾರಾಯ್ರೆ. ನೀವು ಎರಡು ತಿಂಗಳು ಮೊದಲೇ ಮಳೆ ತಂದ್ರಿ" ಎಂದರು. ಆಮೇಲೆ ನನ್ನ ಪಕ್ಕ ಕೂತು, ಯಾರಿಗೂ ಕೇಳದ ಹಾಗೆ ಕೇಳಿದರು, ಆ ತೊಟ್ಟಿಲು ಅಳಿಸಬೇಕೂಂತಲೇ ಮಾಡಿದ್ದಾ ಅಮ್ಮ ಎಂದು.

ಅಲ್ಲ, ಕೈ ಮಾಡಿದ್ದು ಎಂದೆ. ಅದು ನಿಜ. ಆದರೆ ಆ ಖಾಲಿ ತೊಟ್ಟಿಲು ಕರಗಿ ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ, ಅದೂ ನಿಜ. ಎರಡನ್ನೂ ಹೇಳಿದೆ.

ಅಷ್ಟರಲ್ಲಿ ಬಾಗಿಲಿನ ಜನರನ್ನು ಸರಿಸಿಕೊಂಡು ನನ್ನ ಮಗಳು ಬಂದಳು. ಗೋಡೆಯ ಕೆಳಮೂಲೆ ನೋಡಿದಳು, ನನ್ನ ಕೈಯ ಪೈಪು ನೋಡಿದಳು. ಮುಖ ಕೆಂಪಾಯಿತು.

"ಯವ್ವಾ, ನಂದ್ಯಾಕ ಅಳಿಸಿದಿ? ನಿನ್ನ ಕೈಗೆ ಒಂದೀಟರ ಬುದ್ಧಿ ಐತೇನು? ಗ್ವಾಡಿ ಕಂಡ್ರ ನೀರ ಹೊಡೀತಿ."

ನಲವತ್ತು ದಿನದಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ಸಿಸ್ಟರ್ ನನ್ನ ಮುಖ ನೋಡಿದರು, ನಾನು ಸಿಸ್ಟರ ಮುಖ ನೋಡಿದೆ. ಮಗಳು ಇನ್ನೂ ಬೈಯುತ್ತಲೇ ಇದ್ದಳು. ಚಿಕ್ಕಂದಿನಲ್ಲಿ ನಾನು ಅವಳ ಮಣ್ಣಿನ ಬೊಂಬೆಗಳಿಗೆ ನೀರು ಹೊಡೆದು ಕರಗಿಸಿದ್ದನ್ನೂ ಎತ್ತಿ ಆಡಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದು. ಬೈಗುಳ ಇಷ್ಟು ಸಿಹಿಯಾಗಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಔಷಧ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಹೌದೆಂದೆ. ಔಷಧ ಮಾಡಿತು, ಪೈಪೂ ಮಾಡಿತು ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಹಸಿ ಗೋಡೆಗೆ ಇದ್ದಿಲು ಹಿಡಿಯುವುದಿಲ್ಲ, ಒಣಗಲಿ ಎಂದರು ಮೇಡಂ. ಮಗಳು ಜಗಲಿಯಲ್ಲಿ ಕೂತು ಗೋಡೆ ಒಣಗುವುದನ್ನು ಮಧ್ಯಾಹ್ನದವರೆಗೂ ಕಾದಳು. ಯಾವುದಕ್ಕೂ ಕಾಯುವುದನ್ನೇ ಬಿಟ್ಟಿದ್ದ ನನ್ನ ಮಗಳು ಒಂದು ಗೋಡೆಗೆ ಕಾದಳು. ಊಟ ಮಾಡಿ ಬಂದು ಮತ್ತೆ ಎರಡು ಕಂಬ ಎಳೆದಳು. ಅಡ್ಡಕೋಲು ಎಳೆದಳು. ಸೀರೆಗೆ ಬಂದಾಗ ಕೈ ನಿಂತಿತು. ತಿರುಗದೆಯೇ ಕೇಳಿದಳು.

"ಎಷ್ಟುದ್ದ ಐತಿ?"

ಯಾವುದು ಎಂದೆ.

"ಕೂಸು."

ಎರಡು ತಿಂಗಳು ಹಗಲು ರಾತ್ರಿ ಎತ್ತಿಕೊಂಡವಳು ನಾನು, ಉದ್ದ ಎಷ್ಟೆಂದು ಗೊತ್ತಿರಲಿಲ್ಲ. ಇಷ್ಟಿರಬೇಕು ಎಂದು ಎರಡು ಕೈ ಅಗಲಿಸಿ ತೋರಿಸಿದೆ. ಅವಳು ಹಿಂದೆ ತಿರುಗಿ ನನ್ನ ಕೈ ನೋಡಿ, ಅವಳ ಅಪ್ಪ ನೋಡುತ್ತಿದ್ದ ಹಾಗೆಯೇ ಹುಬ್ಬು ಗಂಟಿಕ್ಕಿದಳು.

"ಅಂದಾಜು ಹೇಳಬ್ಯಾಡ. ತಾ ಇಲ್ಲೆ."

ನಾನು ಸಿಸ್ಟರ ಕಡೆ ನೋಡಿದೆ. ಅವರು ತಲೆಯಾಡಿಸಿ, ಹತ್ತಿರವೇ ಬಂದು ಮಂಡಿಯೂರಿ ಕೂತರು. ಚಾಪೆ ಹಾಸಿ ಕೂಸನ್ನು ಮಲಗಿಸಿದೆ. ಮಗಳು ಬಲಗೈ ಹೆಬ್ಬೆರಳನ್ನು ಕೂಸಿನ ನೆತ್ತಿಯ ಹತ್ತಿರ ಇಟ್ಟು, ಬೆರಳುಗಳನ್ನು ಚಾಚಿ, ಒಂದು ಗೇಣು ಹಾಕಿದಳು. ಕಿರುಬೆರಳು ಎದೆಯ ಮೇಲೆ ಬಿತ್ತು. ಅಲ್ಲಿಂದ ಇನ್ನೊಂದು ಗೇಣು. ಮೂರನೆಯದು ಹಾಕುವಾಗ ಕೂಸು ಕಾಲು ಮಡಚಿತು. ಅಳತೆ ತಪ್ಪಿತು. ಎಡಗೈಯಿಂದ ಮೆಲ್ಲಗೆ ಮೊಣಕಾಲು ಹಿಡಿದು ನೇರ ಮಾಡಿ ಮತ್ತೆ ಮೊದಲಿಂದ ಅಳೆದಳು. ಈ ಸಲ ಎದೆಯ ಹತ್ತಿರ ಬಂದಾಗ ಕೂಸು ಅವಳ ಕಿರುಬೆರಳನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ಕೂತಳು, ಅದು ತಾನಾಗಿ ಬಿಡುವವರೆಗೆ.

"ಮೂರ ಗೇಣಿಗೆ ಎರಡ ಬೆರಳ ಕಡಿಮಿ ಐತಿ" ಎಂದಳು. ಯಾರಿಗೆ ಹೇಳಿದಳೋ. ಗೋಡೆಗೆ ತಿರುಗಿ, ಗೋಡೆಯ ಮೇಲೂ ಗೇಣು ಹಾಕಿ ಗುರುತು ಮಾಡಿ, ಸೀರೆ ಎಳೆದಳು. ಈ ಸಲ ಸೀರೆ ತುಂಬಿ ಕೆಳಗೆ ಜಗ್ಗಿತ್ತು. ಅಂಚಿನಿಂದ ಒಂದು ಸಣ್ಣ ಹಿಮ್ಮಡಿ ಹೊರಗೆ ಬಂದಿತ್ತು.

ಕೂಸಿನ ಬಿಳಿ ಅಂಗಿಯ ತುಂಬ ಇದ್ದಿಲಿನ ಬೆರಳಚ್ಚು. ಕಂಡದ್ದನ್ನೆಲ್ಲ ತೊಳೆಯುವವಳು ನಾನು. ಆ ಅಂಗಿಯನ್ನು ಮಾತ್ರ ಈವರೆಗೂ ತೊಳೆದಿಲ್ಲ, ಟ್ರಂಕಿನಲ್ಲಿಟ್ಟಿದ್ದೇನೆ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದರೆ ನಂಬಬೇಡಿ. ಮಾರನೆಯ ದಿನ ಮತ್ತೆ ಮೂಕಿಯಾಗಿದ್ದಳು. ಆದರೆ ಸಂಜೆ ಗೋಡೆಯ ಹತ್ತಿರ ಬಂದು ಕೂಸಿನ ಅಳತೆ ಕೇಳಿದಳು. ಅದು ದಿನದ ಪದ್ಧತಿಯಾಯಿತು. ಅಳೆಯುವ ನೆಪದಲ್ಲಿ ಮುಟ್ಟುವುದು, ಮುಟ್ಟಿದ ಮೇಲೆ ಎತ್ತುವುದು, ಎತ್ತಿದ ಮೇಲೆ ಒಳಲೆಯನ್ನು ನನ್ನ ಕೈಯಿಂದ ಕಸಿದುಕೊಳ್ಳುವುದು. ಸಿಸ್ಟರ್ ಪಕ್ಕದಲ್ಲಿರುತ್ತಿದ್ದರು. ನಾನು ಬೆಳಗ್ಗೆ ಉಳಿದ ದಿನಗಳ ನೀರನ್ನು, ಮೇಡಂ ತೋರಿಸಿದ ಖಾಲಿ ಜಾಗಕ್ಕೆ ಮಾತ್ರ, ಚೊಂಬಿನಲ್ಲಿ ಹಾಕುತ್ತಿದ್ದೆ.

ಹುಣ್ಣಿಮೆಗೆ ಬೀಗತಿ ಬಂದಳು. ಕೂಸಿಗೆ ಹೊದೆಸಲು ಕೌದಿ, ಬುತ್ತಿಗಂಟು, ಎಲ್ಲ ತಯಾರಿ ಮಾಡಿಕೊಂಡೇ ಬಂದಿದ್ದಳು. ಹಿಂದೆ ಅಳಿಯ, ಮತ್ತೆ ಉಂಗುಷ್ಟ ನೋಡುತ್ತ. ನಾನು ವಾದ ಮಾಡಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋದೆ. ಮಗಳು ಚಾಪೆಯ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಳು. ಅತ್ತೆಯನ್ನು ಕಂಡು ಎದ್ದು ನಿಲ್ಲಲಿಲ್ಲ, ಹೆದರಲೂ ಇಲ್ಲ. ಕೈ ಕೂಸಿನ ಮೇಲೆ ಗೇಣು ಹಾಕಿಯೇ ಇತ್ತು.

"ಮೂರಕ್ಕ ಒಂದ ಬೆರಳ ಕಡಿಮಿ ಆಗ್ಯಾಳ, ಅತ್ತಿ. ಹ್ವಾದ ವಾರ ಎರಡ ಬೆರಳ ಕಡಿಮಿ ಇದ್ಲು."

ಬೀಗತಿ ಗೋಡೆಯ ತೊಟ್ಟಿಲು ನೋಡಿದಳು. ಹೊರಗೆ ಬಂದ ಹಿಮ್ಮಡಿ ನೋಡಿದಳು. ಆರು ಹೆತ್ತವಳು ಅವಳು, ಹೊಲದಲ್ಲಿ, ಮನೆಯಲ್ಲಿ ದುಡಿದವಳು, ತನ್ನ ಯಾವ ಕೂಸಿನ ಅಳತೆಯೂ ಅವಳಿಗೆ ಗೊತ್ತಿರಲಾರದು. ನಿಧಾನಕ್ಕೆ ಕೂತು, ತನ್ನ ದೊಡ್ಡ ಕೈ ಚಾಚಿ ತಾನೂ ಗೇಣು ಹಾಕಿ ನೋಡಿದಳು. ನನ್ನ ಗೇಣಿನಾಗ ಎರಡೂವರಿ ಐತಿ ಎಂದಳು. ನಿನ್ನ ಕೈ ರಾಕ್ಷಸಿ ಕೈ ಎಂದೆ ನಾನು, ಬಾಯಿ ತಡೆಯದೆ. ನನ್ನ ಮಗಳು ನಕ್ಕಳು. ಬೀಗತಿ ಅವಳ ನಗುವನ್ನೇ ನೋಡುತ್ತ ಕೂತಳು. ಆಗ ಅಳಿಯ ಬಾಯಿ ಬಿಟ್ಟ. ಅವನು ತನ್ನ ಅವ್ವನ ಎದುರು ಅಂಥ ಮಾತು ಆಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಯವ್ವಾ, ಕೂಸು ಅದರ ಅವ್ವನ ಕಡೆ ಇರ್ಲಿ. ಬುತ್ತಿ ಬಿಚ್ಚು, ಉಣ್ಣೂಣು."

ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ. ಚಿತ್ರದ ಮೇಡಂ ಕೂಡ ಬಂದು ಕೂತು ಉಂಡರು, ಖಾರಕ್ಕೆ ಕಣ್ಣೀರು ಸುರಿಸುತ್ತ. ಕೌದಿಯನ್ನು ಬೀಗತಿ ಕೂಸಿಗೇ ಬಿಟ್ಟು ಹೋದಳು.

ಆಮೇಲೆ ಮಗಳು ಮನೆಗೆ ಬಂದಳು. ಗುಳಿಗೆ ಬಹಳ ದಿನ ಇತ್ತು. ನಾಲ್ಕು ವರ್ಷದ ಹಿಂದೆ ಒಮ್ಮೆ ಮತ್ತೆ ನಿದ್ದೆ ತಪ್ಪಿತು. ಈ ಸಲ ದಾರ, ನಿಂಬೆಹಣ್ಣು ಎಂದು ನಾನು ಕಾಲ ಕಳೆಯಲಿಲ್ಲ, ಮರುದಿನವೇ ಬಸ್ಸು ಹತ್ತಿಸಿದೆ. ಹದಿನೈದು ದಿನದಲ್ಲಿ ಸುಧಾರಿಸಿಕೊಂಡಳು. ಈಗ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾಳೆ. ಕಾಪುವಿನ ಎಷ್ಟೋ ಮನೆಗಳ ಗೋಡೆಗಳ ಮೇಲೆ ಅವಳ ಬಣ್ಣ ಉಂಟು. ಶಾಲೆಯವರು ಕರೆದರೆ ಚಿತ್ರವನ್ನೂ ಬರೆಯುತ್ತಾಳೆ. ಇಲ್ಲಿಯವರ ಹಾಗೆ ಉಂಟು ಎನ್ನಲು ನಾನೂ ಕಲಿತೆ, ನೋಡಿ.

ಆ ಆಸ್ಪತ್ರೆಯಲ್ಲಿ ಚಿತ್ರದವರನ್ನು ಕರೆಸಿ ಇರಿಸಿಕೊಳ್ಳುವುದು ಅಲ್ಲಿಗೇ ನಿಲ್ಲಲಿಲ್ಲ. ಪ್ರತಿ ವರ್ಷ ಮಳೆಗಾಲ ಗೋಡೆಯನ್ನು ತೊಳೆಯುತ್ತದೆ, ಮಳೆ ಮುಗಿದ ಮೇಲೆ ಇನ್ನೊಬ್ಬರು ಬಂದು ಶೆಡ್ಡಿನ ಪಕ್ಕದ ಕೋಣೆಯಲ್ಲಿ ಇರುತ್ತಾರೆ. ಈ ವರ್ಷ ಆ ಇನ್ನೊಬ್ಬರು ಯಾರು ಗೊತ್ತೇ? ನನ್ನ ಮಗಳು. ಆಸ್ಪತ್ರೆಯಿಂದ ಕಾಗದ ಬಂತು. ಆರು ವಾರ ಬಂದು ಇರಬೇಕು, ತಮ್ಮ ಕೆಲಸ ತಾವು ಮಾಡಬೇಕು ಎಂದು ಬಹುವಚನದಲ್ಲಿ ಬರೆದಿದ್ದರು. ನಾನು ಆ ಕಾಗದವನ್ನು ನಾಲ್ಕು ಸಲ ಅಕ್ಷರ ಕೂಡಿಸಿ ಓದಿದೆ, ಐದನೆಯ ಸಲ ಮೊಮ್ಮಗಳ ಕೈಲಿ ಜೋರಾಗಿ ಓದಿಸಿದೆ, ಪಕ್ಕದ ಮನೆಯವರಿಗೂ ಕೇಳಿಸಲಿ ಎಂದು. ಬೀಗತಿಗೆ ಫೋನು ಮಾಡಿದೆವು. ಅವಳು ಈಗ ಊರಲ್ಲಿ, ನನ್ನ ಸೊಸೆ ದವಾಖಾನೆಯಲ್ಲಿ ಚಿತ್ರದ ಮೇಡಂ ಎಂದು ಹೇಳಿಕೊಂಡು ತಿರುಗುತ್ತಾಳಂತೆ.

ಆ ಕಾಗದದಲ್ಲಿ ನನ್ನ ಬಗ್ಗೆಯೂ ಒಂದು ಸಾಲು ಇತ್ತು. ಗೋಡೆಗೆ ಹೊಸ ಸಾರಣೆ ಮಾಡಿಸುತ್ತಿದ್ದೇವೆ, ನಿಮ್ಮ ತಾಯಿಯವರು ಬಂದು ಏಳು ದಿನ ನೀರು ಹೊಡೆಯಬಹುದೇ ಎಂದು.

ಹೊಡೆದೆ. ಏಳು ದಿನವೂ, ಎರಡು ಹೊತ್ತೂ, ಹೊಸ ಸೀರೆ ಉಟ್ಟುಕೊಂಡು. ಒಂದು ಬಿರುಕು ತೋರಿಸಿ ನೋಡೋಣ.

ಎಂಟನೆಯ ದಿನ ಶನಿವಾರ. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಬಂದಳು. ಮಗಳು ಅವಳನ್ನು ಗೋಡೆಗೆ ನಿಲ್ಲಿಸಿ ಗೇಣು ಹಾಕಿದಳು. ಆರು ಗೇಣು ದಾಟಿ ಎರಡು ಬೆರಳು. ಜಗಲಿಯಲ್ಲಿ ಕೂತಿದ್ದ ಒಬ್ಬ ಎಳೆ ಬಾಣಂತಿ, ಅವಳ ಕೂಸು ಅವಳ ಅತ್ತೆಯ ತೊಡೆಯ ಮೇಲಿತ್ತು, ಇದನ್ನು ನೋಡುತ್ತಿದ್ದಳು. ನನ್ನ ಮಗಳು ಅವಳನ್ನು ಕರೆಯಲಿಲ್ಲ. ಒಂದು ಇದ್ದಿಲಿನ ತುಂಡನ್ನು ಅವಳಿಗೆ ಕೈಗೆಟುಕುವಲ್ಲಿ ಇಟ್ಟು ತನ್ನ ಕೆಲಸಕ್ಕೆ ತಿರುಗಿದಳು.

ಮೊಮ್ಮಗಳು ನನ್ನನ್ನು ಅಳೆಯುವ ಹಠ ಹಿಡಿದಳು. ಗೋಡೆಗೆ ಒರಗಿ ನಿಂತೆ. ಸ್ಟೂಲು ಹತ್ತಿ ನೆತ್ತಿಯಿಂದ ಶುರುಮಾಡಿ, ಮೂಗು, ಹೊಟ್ಟೆ, ಮಂಡಿ ಎಂದು ಇಳಿಯುತ್ತ ಬಂದು, ಅಜ್ಜಿ, ನನ್ನ ಗೇಣಲ್ಲಿ ನೀನು ಹತ್ತು ಎಂದಳು. ಅಷ್ಟೇ ಉದ್ದಕ್ಕೆ ಗೋಡೆಯ ಮೇಲೆ ನನ್ನನ್ನು ಬರೆದಳು, ಕೈಯಲ್ಲಿ ಪೈಪು, ಪೈಪಿನ ಬಾಯಿಗೆ ಹೆಬ್ಬೆರಳು. ಹೆಬ್ಬೆರಳು ಸರಿಯಾಗಿ ಬರಲಿಲ್ಲ ಎಂದು ಎರಡು ಸಲ ಅಳಿಸಿ ಬರೆಸಿದೆ.

ಇವತ್ತು ಬೆಳಗ್ಗೆ ಅಂಗಳಕ್ಕೆ ಹೋದೆ, ನಲ್ಲಿಯ ಹತ್ತಿರ ಸುಮ್ಮನೆ ನಿಂತೆ. ಕೋಣೆಯ ಕಿಟಕಿಯಿಂದ ಮಗಳ ಸ್ವರ ಬಂತು.

"ಯವ್ವಾ, ಏಳ ದಿನ ಮುಗದಾವು. ಪೈಪ ಮುಟ್ಟಬ್ಯಾಡ."